ಈ ಕಂಬ ಯಾರದು?

ನಮ್ಮ ಬಡಾವಣೆಯ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಮನೆಯಲ್ಲಿ ಕುಳಿತು ಬೇಸತ್ತಿದ್ದಾಗ ನಾಲ್ಕು ಜನ ಬಂದು ಕರೆದರು, ಒಪ್ಪಿಕೊಂಡೆ. ಕಾನೂನು, ಕಚೇರಿ, ನಕ್ಷೆ ಯಾವುದೂ ಗೊತ್ತಿರಲಿಲ್ಲ.

ನಮ್ಮದು ಕಾಂದಿವಲಿ ಪಶ್ಚಿಮದ ಚಾರ್ಕೋಪ್. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸರಕಾರದ ವಸತಿ ಮಂಡಳಿ ಮ್ಹಾಡಾ ನಿವೇಶನ ಮಾಡಿ ಹಂಚಿದ ಜಾಗ. ನಡುವೆ ಒಂದು ಅಂಗಳ, ಅದರ ಸುತ್ತ ಸಣ್ಣ ಸಣ್ಣ ಮನೆಗಳು. ಈಗ ಆ ಮನೆಗಳ ಮೇಲೆ ಮಹಡಿ ಎದ್ದಿದೆ, ಅಂಗಳದಲ್ಲಿ ಸ್ಕೂಟರ್ ನಿಂತಿದೆ. ಸಾತಾರಾ, ಸಾಂಗ್ಲಿಯವರು, ಗುಜರಾತಿಗಳು, ಅವರ ನಡುವೆ ಕುಂದಾಪುರ, ಕಾರ್ಕಳ ಕಡೆಯ ನಾವು. ಸಭೆ ನಡೆಯುವುದು ಉಡುಪಿ ಹೋಟೆಲೊಂದರ ಮಾಳಿಗೆಯಲ್ಲಿ, ಮಧ್ಯಾಹ್ನ ಮೂರೂವರೆಗೆ. ಊಟದ ಗಿರಾಕಿಗಳು ಹೋಗಿರುತ್ತಾರೆ, ಸಂಜೆಯ ದೋಸೆ ಕಾವಲಿ ಇನ್ನೂ ಕಾದಿರುವುದಿಲ್ಲ.

ಮೊದಲೆಲ್ಲ ಯಾವ ತೊಂದರೆಯಾದರೂ ಪಾಲಿಕೆಗೆ ನಾವು ಆರಿಸಿದ ನಗರಸೇವಕರಿಗೆ ಫೋನು ಮಾಡಿದರೆ ಮುಗಿಯುತ್ತಿತ್ತು. 2022ರ ಮಾರ್ಚ್‌ನಲ್ಲಿ ಅವರ ಅವಧಿ ಮುಗಿದು ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಫೋನು ಮಾಡಲು ಯಾರೂ ಉಳಿಯಲಿಲ್ಲ. ಹಾಗಾಗಿ ನಾನೇ ಒಂದು ಅರ್ಜಿ ಬರೆದೆ. ಹದಿನೇಳು ದೂರು, ಮೂರು ಪುಟ, ಮರಾಠಿಯಲ್ಲಿ. ದೀಪ ಇಲ್ಲ, ಬಸ್ ನಿಲ್ದಾಣ ದೂರ, ಮೈದಾನದಲ್ಲಿ ಕಸ, ಚರಂಡಿಯ ಮುಚ್ಚಳ ಒಡೆದಿದೆ, ಹೀಗೆ. ಕೊನೆಗೆ ಗಟ್ಟಿಯಾಗಿ ಇರಲಿ ಎಂದು ‘ಇದು ನಮ್ಮ ಆಗ್ರಹ’ ಎಂದು ಬರೆದಿದ್ದೆ.

ಪಾಲಿಕೆ ಕಚೇರಿಯಲ್ಲಿ ಆವಕದ ಮೇಜಿನಲ್ಲಿ ಕುಳಿತಿದ್ದ ಗುಮಾಸ್ತ ಅದನ್ನು ಓದಿ ನಕ್ಕ. “ಬಾಯಿ, ಆಗ್ರಹ ಮಾಡುವುದು ಮದುವೆಯ ಊಟದಲ್ಲಿ, ಇನ್ನೊಂದು ಜಿಲೇಬಿ ಹಾಕಿಸಿಕೊಳ್ಳಿ ಎಂದು. ಇಲ್ಲಿ ಮಾಗಣಿ ಎಂದು ಬರೆಯಿರಿ.” ಮರಾಠಿಯಲ್ಲಿ ಆಗ್ರಹವೆಂದರೆ ಒತ್ತಾಯದ ಉಪಚಾರ, ಮಾಗಣಿ ಎಂದರೆ ಬೇಡಿಕೆ. ಮರಾಠಿ ಶಾಲೆಗಳಲ್ಲಿ ಟೀಚರನ್ನು ಬಾಯಿ ಎನ್ನುತ್ತಾರೆ, ನನ್ನ ಕಸುಬನ್ನು ಅವನು ಅಕ್ಷರದಲ್ಲೇ ಗುರುತಿಸಿದ್ದ. ಆಮೇಲೆ ಅವನು ಹೇಳಿದ ಮಾತು ನನಗೆ ಈವರೆಗೂ ಉಪಯೋಗಕ್ಕೆ ಬರುತ್ತಿದೆ: “ಐದು ಮೇಜಿಗೆ ಹೋಗಬೇಕಾದ ಕಾಗದ ಒಂದೇ ಮೇಜಿನಲ್ಲಿ ಮಲಗಿಬಿಡುತ್ತದೆ. ಮೊದಲು ಯಾವುದು ಯಾರದು ಎಂದು ನೋಡಿಕೊಂಡು ಬನ್ನಿ.”

ನೋಡಿಕೊಂಡು ಬಂದೆವು. ಒಂದು ಭಾನುವಾರ ನಾಲ್ವರು ಬಡಾವಣೆಯನ್ನು ಸುತ್ತಿದೆವು. ನಿವೇಶನದ ನಕ್ಷೆ ಮ್ಹಾಡಾದ್ದು. ರಸ್ತೆ, ಚರಂಡಿ ಪಾಲಿಕೆಯವು. ಲಿಂಕ್ ರೋಡಿನ ಮೇಲೆ ಹೋಗುವ ಮೆಟ್ರೊವನ್ನು ಕಟ್ಟಿದ್ದು ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎ. ಬಸ್ ನಿಲ್ದಾಣ ನಗರದ ಬಸ್ ಸಂಸ್ಥೆ ಬೆಸ್ಟ್‌ನದು. ವಾಹನ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎನ್ನುವುದು ಸಂಚಾರ ಪೊಲೀಸರದು. ಬೀದಿ ದೀಪವನ್ನು ನೋಡಿಕೊಳ್ಳುವುದು ಇಲ್ಲಿ ವಿದ್ಯುತ್ ಕಂಪನಿ, ದೀಪಕ್ಕೆ ಅಡ್ಡ ಬರುವ ಕೊಂಬೆ ಪಾಲಿಕೆಯ ಉದ್ಯಾನ ವಿಭಾಗದ್ದು. ಹದಿನೇಳು ದೂರುಗಳಲ್ಲಿ ಒಂಬತ್ತನ್ನು ನಾವು ತಪ್ಪು ಬಾಗಿಲಿಗೆ ಒಯ್ದಿದ್ದೆವು.

ಕೊಂಬೆಯ ವಿಷಯ ಗೊತ್ತಾದದ್ದು ನಾಚಿಕೆಯ ಸಂಗತಿ. ಮೈದಾನದ ಹಿಂದಿನ ಓಣಿಯಲ್ಲಿ ಸಂಜೆ ಟ್ಯೂಷನ್ ಮುಗಿಸಿ ಬರುವ ಹುಡುಗಿಯರು ಹೆದರುತ್ತಿದ್ದರು. ದೀಪ ಉರಿಯುವುದಿಲ್ಲ ಎಂದು ಎರಡು ಸಲ ದೂರು ಕೊಟ್ಟೆವು. ಎರಡು ಸಲವೂ ದೀಪ ಸರಿಯಾಗಿದೆ ಎಂದು ಉತ್ತರ ಬಂತು. ಜಗಳಕ್ಕೆ ಸಿದ್ಧಳಾಗಿ ರಾತ್ರಿ ಎಂಟಕ್ಕೆ ಕಂಬದ ಬುಡದಲ್ಲಿ ನಿಂತು ಕತ್ತೆತ್ತಿ ನೋಡುತ್ತೇನೆ: ದೀಪ ಉರಿಯುತ್ತಲೇ ಇದೆ, ಮಳೆಮರದ ಎಲೆಗಳ ಒಳಗೆ, ಬುಟ್ಟಿಯಲ್ಲಿ ಮುಚ್ಚಿಟ್ಟ ಹಣತೆಯ ಹಾಗೆ. ಅವರು ಹೇಳಿದ್ದು ನಿಜ, ನಮ್ಮ ದೂರೇ ಸುಳ್ಳು. ಕಂಬದ ಸಂಖ್ಯೆ ಬರೆದು, ಕೆಳಗಿನಿಂದ ತೆಗೆದ ಚಿತ್ರ ಅಂಟಿಸಿ, ಕೊಂಬೆ ಸವರಲು ಉದ್ಯಾನ ವಿಭಾಗಕ್ಕೆ ಕೊಟ್ಟೆವು. ಮಳೆಗಾಲಕ್ಕೆ ಮೊದಲು ಕೊಂಬೆ ಕಡಿಯುವವರು ಬಂದರು, ಓಣಿ ಬೆಳಗಿತು. ಈಗ ಪ್ರತಿ ಏಪ್ರಿಲ್‌ನ ಕ್ಯಾಲೆಂಡರಿನಲ್ಲಿ ಆ ಕಂಬದ ಸಂಖ್ಯೆ ಬರೆದಿಟ್ಟಿರುತ್ತೇನೆ.

ಬಸ್ಸಿನದು ಇಷ್ಟು ಸುಲಭವಾಗಿ ಮುಗಿಯಲಿಲ್ಲ. 2022ರ ಯುಗಾದಿಯ ದಿನ, ಏಪ್ರಿಲ್ 2ರಂದು, ನಮ್ಮ ಕಡೆಯ ಮೆಟ್ರೊ ಡಹಾಣೂಕರವಾಡಿಯವರೆಗೆ ಓಡತೊಡಗಿತು. ಬೇವುಬೆಲ್ಲ ತಿಂದು ಎಲ್ಲರೂ ಒಂದು ಸುತ್ತು ಹೋಗಿ ಬಂದೆವು. ನಿಲ್ದಾಣದಲ್ಲಿ ಲಿಫ್ಟ್ ಇದೆ, ಎಸ್ಕಲೇಟರ್ ಇದೆ. ಆದರೆ ಇಳಿದ ಮೇಲೆ ಬಸ್ಸಿಗೆ ಹೋಗಬೇಕಾದರೆ ಲಿಂಕ್ ರೋಡಿನ ವಿಭಾಜಕವನ್ನು ಹತ್ತಿ ದಾಟಬೇಕು. ಸುತ್ತಿ ಹೋದರೆ ಹತ್ತು ನಿಮಿಷ, ಹತ್ತಿ ದಾಟಿದರೆ ಒಂದು ನಿಮಿಷ. ಹತ್ತು ನಿಮಿಷ ಯಾರು ನಡೆಯುತ್ತಾರೆ? ಸೀರೆ ಎತ್ತಿ ಹಿಡಿದು ನಾನೂ ಹತ್ತಿ ದಾಟಿದವಳೇ.

ತೊಂದರೆ ಇದೆ ಎಂದು ಬರೆದರೆ ಸಾಲದು, ಎಷ್ಟು ಜನರಿಗೆ ಎಂದು ತೋರಿಸಬೇಕು ಅನ್ನಿಸಿತು. ಕಪಾಟಿನಲ್ಲಿ ಶಾಲೆಯ ಹಳೆಯ ಹಾಜರಿ ಪುಸ್ತಕ ಖಾಲಿ ಉಳಿದಿತ್ತು. ವಿದ್ಯಾರ್ಥಿಗಳ ಹೆಸರು ಬರೆಯುವಲ್ಲಿ ಹೊತ್ತು ಬರೆದೆ: 8 ಗಂಟೆ, 8.15, 8.30. ವಿಭಾಜಕ ಹತ್ತಿ ದಾಟಿದ ಪ್ರತಿಯೊಬ್ಬರಿಗೂ ಒಂದು ಗೀಟು. ಶಾಲೆಯ ಮಕ್ಕಳಿಗೆ ನೀಲಿ, ಕೋಲು ಹಿಡಿದವರಿಗೆ ಕೆಂಪು, ಉಳಿದವರಿಗೆ ಪೆನ್ಸಿಲ್. ಸೋಮವಾರದಿಂದ ಶುಕ್ರವಾರದವರೆಗೆ ಪಾಳಿಯಲ್ಲಿ ಕುಳಿತೆವು. ಮೂರನೆಯ ದಿನ ನಮ್ಮ ಓಣಿಯ ಹುಡುಗನೊಬ್ಬ ಬೆನ್ನಚೀಲದ ಸಮೇತ ಹಾರಿ ಬಂದು, “ಟೀಚರ್, ಇವತ್ತು ನನಗೆ ಹಾಜರಿ ಹಾಕಿದಿರಾ?” ಎಂದು ಕೇಳಿ ಓಡಿದ. ಹಾಕಿದೆ, ನೀಲಿಯಲ್ಲಿ.

ಆಮೇಲೆ ಒಂದೇ ದಿನ ನಾಲ್ಕು ಕಾಗದ ಬರೆದೆ. ಒಬ್ಬೊಬ್ಬರಿಗೂ ಅವರ ಪಾಲಿನದನ್ನು ಮಾತ್ರ ಕೇಳಿದೆ: ರಸ್ತೆಯವರಿಗೆ ವಿಭಾಜಕದಲ್ಲಿ ದಾರಿ, ಪೊಲೀಸರಿಗೆ ಜೀಬ್ರಾ ಪಟ್ಟಿಗೆ ಒಪ್ಪಿಗೆ, ಬಸ್ಸಿನವರಿಗೆ ನಿಲ್ದಾಣವನ್ನು ಆ ಪಟ್ಟಿಯ ಹತ್ತಿರಕ್ಕೆ ತರುವುದು, ಮೆಟ್ರೊದವರಿಗೆ ಮೆಟ್ಟಿಲ ಬಳಿ ಒಂದು ಫಲಕ. ನಾಲ್ಕಕ್ಕೂ ಹಾಜರಿ ಪುಟದ ಪ್ರತಿ ಲಗತ್ತಿಸಿ, ಒಂದೇ ದಿನ ಒಂದೇ ಹೊತ್ತಿಗೆ ಸ್ಥಳಕ್ಕೆ ಬರಬೇಕೆಂದು ಕೋರಿದೆ. ಮೊದಲ ಸಲ ಒಬ್ಬರೇ ಬಂದರು. ಎರಡನೆಯ ಸಲ ಇಬ್ಬರು, ಅವರೂ ಬೇರೆ ಬೇರೆ ಹೊತ್ತಿಗೆ. ಮೂರನೆಯ ಸಲ ಮೂವರು ಕೂಡಿದರು. ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಚಹಾ ಬಂತು. ಬೆಳಗಿನ ಒಂಬತ್ತಕ್ಕೆ ಆ ಕಡೆ ನಿಂತಿದ್ದ ಇಂಜಿನಿಯರ್ ಚಹಾ ಕುಡಿಯಲು ಈ ಕಡೆ ಬರಬೇಕಿತ್ತು. ಅತ್ತಿತ್ತ ನೋಡಿ, ಪ್ಯಾಂಟು ಎತ್ತಿ, ವಿಭಾಜಕ ಹತ್ತಿದರು. ನಾನು ಏನೂ ಹೇಳಲಿಲ್ಲ, ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿದೆ. ಅವರೇ ನಕ್ಕರು.

ದಾರಿಯಾಯಿತು, ಪಟ್ಟಿ ಬಂತು. ನಿಲ್ದಾಣ ಸರಿಯಲು ಇನ್ನೂ ಏಳು ತಿಂಗಳು ಹಿಡಿಯಿತು. ಫಲಕ ಈಗಲೂ ಇಲ್ಲ.

ನನ್ನ ನಿದ್ದೆ ಕೆಡಿಸಿದ್ದು ಮೈದಾನ. ಸಂಘದಲ್ಲಿ ಇರುವವರೆಲ್ಲ ಅರವತ್ತು ದಾಟಿದವರು. ಆ ಜಾಗದಲ್ಲಿ ಹುಲ್ಲು ಬೆಳೆಸಿ, ನಡೆಯುವ ದಾರಿ ಹಾಕಿಸಿ, ಬೆಂಚು ಇಡಿಸಿ ಉದ್ಯಾನ ಮಾಡಿಸಬೇಕು ಎನ್ನುವುದು ಎಲ್ಲರ ಆಸೆ. ಕ್ರಿಕೆಟ್ ಆಡುವ ಹುಡುಗರು ಕಿಟಕಿಯ ಗಾಜು ಒಡೆಯುತ್ತಾರೆ, ಬಾಯಿಗೆ ಬಂದ ಹಾಗೆ ಬೈದಾಡುತ್ತಾರೆ, ಅದೂ ನಿಜ. ಅರ್ಜಿ ಬರೆಯುವ ಮೊದಲು ಈ ಜಾಗ ಯಾರದು, ಏತಕ್ಕೆ ಎಂದು ನೋಡೋಣವೆಂದು ಸಿಟಿಎಸ್ ಎಂಬ ನಗರ ಸರ್ವೆ ಸಂಖ್ಯೆ ಕೊಟ್ಟು, ಯೋಜನೆಯಲ್ಲಿ ಜಾಗ ಏತಕ್ಕಿದೆ ಎಂದು ತಿಳಿಸುವ ಡಿಪಿ ರಿಮಾರ್ಕ್ ಎಂಬ ಕಾಗದವನ್ನು ಪಾಲಿಕೆಯಿಂದ ತೆಗೆಸಿದೆ. 2034ರವರೆಗಿನ ಅಭಿವೃದ್ಧಿ ಯೋಜನೆಯಲ್ಲಿ ಅಲ್ಲಿ ತೆರೆದ ಜಾಗದ ಮೀಸಲಾತಿಯ ಗುರುತಾದ ಆರ್‌ಓಎಸ್ 1.4 ಎಂದಿತ್ತು. ಉದ್ಯಾನವಾಗಿದ್ದರೆ 1.5 ಎಂದಿರಬೇಕಿತ್ತು. 1.4 ಎಂದರೆ ಆಟದ ಮೈದಾನ. ಜಾಗ ಹುಡುಗರದು.

ಸರಿಯಾಗಿ ಓದಿದ್ದೇನೆಯೇ ಎಂಬ ಅನುಮಾನಕ್ಕೆ ಮಾಹಿತಿ ಹಕ್ಕಿನಲ್ಲೂ ಕೇಳಿದೆ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು, ಮೂವತ್ತು ದಿನದ ಗಡುವು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದೂ ಸುಮಾರು 150 ಪದಗಳೊಳಗೆ. ಹದಿನೇಳು ದೂರಿನ ಮೂರು ಪುಟ ಬರೆದವಳಿಗೆ ತಕ್ಕ ಶಿಕ್ಷೆ. ಉತ್ತರವೂ ಮೈದಾನ ಎಂದೇ ಬಂತು.

“ಟೀಚರ್, ಇದನ್ನು ಸಭೆಯಲ್ಲಿ ಎತ್ತಬೇಡಿ. ಉದ್ಯಾನ ಬೇಕೆಂದು ಬರೆಯೋಣ, ಕೊಟ್ಟರೆ ಕೊಡಲಿ” ಎಂದರು ಅಧ್ಯಕ್ಷರು. ನಾನು ಎತ್ತಿದೆ. ಮೀಸಲಾತಿ ಬದಲಿಸಬೇಕಾದರೆ ನಗರ ಯೋಜನೆಯ 1966ರ ಕಾಯ್ದೆಯ 37ನೇ ಕಲಮಿನಂತೆ ಪ್ರಕಟಣೆ ಹೊರಡಬೇಕು, ಆಕ್ಷೇಪ ಸಲ್ಲಿಸಲು ಒಂದು ತಿಂಗಳು ಕೊಡಬೇಕು, ಸರಕಾರದ ಮಂಜೂರಾತಿ ಬೇಕು ಎಂದು ವಿವರಿಸಿದೆ. ಇಂದು ನಾವು ಮೈದಾನವನ್ನು ಉದ್ಯಾನ ಮಾಡಲು ಹೋದರೆ, ನಾಳೆ ಇನ್ಯಾರೋ ಅದನ್ನು ಇನ್ನೇನೋ ಮಾಡಲು ಬಂದಾಗ ಯಾವ ಬಾಯಲ್ಲಿ ಆಕ್ಷೇಪ ಹೇಳುವುದು ಎಂದೂ ಕೇಳಿದೆ. ಮಾತು ಬೆಳೆಯಿತು. ಪಕ್ಕದ ಓಣಿಯ ಕಾಕೂ, ಇಪ್ಪತ್ತು ವರ್ಷದ ಗೆಳತಿ, ನನಗೆ ಬೆನ್ನು ಹಾಕಿ ಮೆಟ್ಟಿಲಿಳಿದರು. ಆ ವರ್ಷದ ಸಂಕ್ರಾಂತಿಗೆ ಅವರ ಮನೆಯ ತಿಳಗುಳ ನಮ್ಮ ಮನೆಗೆ ಬರಲಿಲ್ಲ. ಒಳ್ಳೆಯ ಮಾತಾಡೋಣ ಎಂದು ಹಂಚುವ ಎಳ್ಳುಬೆಲ್ಲ ಅದು. ಮಾತೇ ಇಲ್ಲದ ಮೇಲೆ ಎಳ್ಳುಬೆಲ್ಲ ಎಲ್ಲಿಯದು? ಮರು ವರ್ಷ ಮೊಮ್ಮಗನ ಕೈಯಲ್ಲಿ ಕಳಿಸಿದರು. ಅವನು ಅದೇ ಮೈದಾನದಲ್ಲಿ ಬೌಲಿಂಗ್ ಮಾಡುವವನು.

ಕೊನೆಗೆ ಉಳಿದದ್ದು ಇಷ್ಟು: ಬೆಳಗಿನ ಏಳೂವರೆಯವರೆಗೆ ಹಿರಿಯರ ನಡಿಗೆ, ಆಮೇಲೆ ಆಟ. ಗೋಡೆಗೆ ಒತ್ತಿ ಮೂರು ಬೆಂಚು. ಗಾಜಿನ ದುಡ್ಡು ಹುಡುಗರು ಕೂಡಿಸಿ ಕೊಡುತ್ತಾರೆ, ಸಾಮಾನ್ಯವಾಗಿ ತಡವಾಗಿ.

ಸೋತದ್ದೂ ಇದೆ. ಪಕ್ಕದ ಸೊಸೈಟಿಯ ಮರುನಿರ್ಮಾಣಕ್ಕೆ ಮೂರು ಮರ ಕಡಿಯುವ ನೋಟಿಸು ಬಂತು. ಕಾಂಡಕ್ಕೆ ಅಂಟಿಸಿದ್ದರು, ಪತ್ರಿಕೆಯಲ್ಲೂ ಹಾಕಿದ್ದರು. ಆಕ್ಷೇಪಕ್ಕೆ ಏಳು ದಿನ. ಕಾಗದ ಗೋಡೆಯ ಕಡೆಯ ಮಗ್ಗುಲಿನಲ್ಲಿತ್ತು. ನಾವು ಕಂಡದ್ದು ಎಂಟನೆಯ ದಿನ, ಅದೂ ಬೆಕ್ಕಿನ ಮರಿ ಹುಡುಕುತ್ತ ಹೋದ ಮಗುವೊಂದು ಹೇಳಿದ ಮೇಲೆ. ಪತ್ರಿಕೆಯನ್ನು ದಿನವೂ ಓದುವ ನಾನು ಸಣ್ಣ ಅಕ್ಷರದ ಆ ಪುಟವನ್ನು ಮಡಚಿ ಅಕ್ಕಿ ಡಬ್ಬದ ಅಡಿಗೆ ಹಾಸಿದ್ದೆ. ಈಗ ಪ್ರತಿ ಶನಿವಾರ ಒಬ್ಬರು ಮರಗಳ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ.

ಲಿಂಕ್ ರೋಡಿನ ಜೀಬ್ರಾ ಪಟ್ಟಿ ಈ ಮಳೆಗೆ ಅಳಿಸಿಹೋಗಿದೆ. ವಾಹನಗಳು ನಿಲ್ಲುತ್ತಿಲ್ಲ, ಜನ ಮತ್ತೆ ಹತ್ತಿ ದಾಟತೊಡಗಿದ್ದಾರೆ. ಹಾಜರಿ ಪುಸ್ತಕದಲ್ಲಿ ಇನ್ನೂ ಹನ್ನೊಂದು ಹಾಳೆ ಉಳಿದಿವೆ. ಸೋಮವಾರದ ಪಾಳಿ ನನ್ನದು, ಮಂಗಳವಾರದ್ದು ಕಾಕೂ ಅವರದು.