ಬ್ರೌಸರ್‌ನಲ್ಲೇ ಆಫೀಸಿನ ಫೈಲು: ಉದ್ಯಮಬಾಗದಲ್ಲಿ ನಾನು ಕೂರಿಸಿದ ವಿಪಿಎನ್

"ಬ್ರೌಸರ್‌ದಾಗ ಟ್ಯಾಲಿ ಓಡಸ್ತಿಯೇನಪಾ? ಆಗಂಗಿಲ್ಲ ಬಿಡು" ಅಂದವರು ನಮ್ಮ ಕಂಪ್ಯೂಟರ್ ಲೈನಿನವರೇ. ಈಗ ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅದೇ ಇಡೀ ಮಳೆಗಾಲ ಓಡಿದೆ. ಮಾಲಕರು ಪುಣೆ, ಕೊಲ್ಹಾಪುರ ಅಂತ ತಿರುಗುವವರು, ಅಲ್ಲಿಂದಲೇ ಆಫೀಸಿನ ಟ್ಯಾಲಿ, ಫೈಲು ನೋಡಬೇಕು. ಗಿರಾಕಿಗಳ ಕಂಪ್ಯೂಟರ್‌ನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡೋಕೆ ಬಿಡಲ್ಲ, ಅಲ್ವಾ? ಹಾಗಾಗಿ ಬ್ರೌಸರ್ ಒಂದೇ ದಾರಿ.

ಮೊದಲು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ರೂಟರ್ ಒಳಗಿನ ಕಂಪ್ಯೂಟರ್‌ಗೆ ದಾಟಿಸುವುದು) ನೋಡಿದೆ. ರೂಟರ್‌ನ ವ್ಯಾನ್ ಐಪಿ, ಅಂದರೆ ಹೊರಬದಿಯ ವಿಳಾಸ, 100.72 ಅಂತ ಶುರು. ಸಿಜಿನ್ಯಾಟ್! ಅಂದರೆ ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವರಿಗೆ ಹಂಚಿದೆ, ಹೊರಗಿನಿಂದ ನೇರ ಒಳಗೆ ಬರೋಕಾಗಲ್ಲ. ಆ ದಾರಿ ಅಲ್ಲಿಗೇ ಬಂದ್. ನಮಗೇ ಮೀಸಲಾದ, ಬದಲಾಗದ ಸ್ಟ್ಯಾಟಿಕ್ ಐಪಿಗೆ ವರ್ಷಕ್ಕೆ ನಾಲ್ಕೈದು ಸಾವಿರ ಕೇಳಿದರು. ಇನ್ನೊಂದು ಉಚಿತ ರಿಮೋಟ್ ಆಪ್ "ವ್ಯಾಪಾರಕ್ಕೆ ಬಳಸುತ್ತಿದ್ದೀರಿ" ಅಂತ ನಡುನಡುವೆ ಕಟ್ ಮಾಡುತ್ತಿತ್ತು.

ಕೊನೆಗೆ ತಿಂಗಳಿಗೆ ಸುಮಾರು ಐನೂರು ರೂಪಾಯಿಗೆ ಮುಂಬೈಯಲ್ಲಿ ಒಂದು ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡೆ. ಆಫೀಸಿನಿಂದಲೇ ಅದಕ್ಕೆ ವೈರ್‌ಗಾರ್ಡ್ ಸುರಂಗ (ಇದೇ ವಿಪಿಎನ್, ಬೇರೆಯವರು ಓದಲಾಗದ ಸಂಪರ್ಕ), ಅದು ಕಡಿಯದಂತೆ ಕೀಪ್‌ಅಲೈವ್ 25 ಸೆಕೆಂಡು. ಹೊರಗೆ ಹೋಗುವ ಕನೆಕ್ಷನ್ ಆದ್ದರಿಂದ ಸಿಜಿನ್ಯಾಟ್ ಅಡ್ಡ ಬರಲ್ಲ. ಮೂಲೆಯಲ್ಲಿ ಬಿದ್ದಿದ್ದ ಐ3 ಕಂಪ್ಯೂಟರ್ ಡಬ್ಬಕ್ಕೆ ಉಬುಂಟು ಹಾಕಿ ಅಪಾಚೆ ಗ್ವಾಕಮೋಲೆ ಕೂರಿಸಿದೆ, ಆಫೀಸಿನ ಕಂಪ್ಯೂಟರ್‌ಗಳ ಪರದೆಯನ್ನು ಬ್ರೌಸರ್‌ನಲ್ಲಿ ತೋರಿಸುವುದು ಇದೇ. ವಿಪಿಎಸ್‌ನಲ್ಲಿ ಬ್ರೌಸರ್‌ನ ಕೋರಿಕೆಯನ್ನು ಗ್ವಾಕಮೋಲೆಗೆ ದಾಟಿಸೋಕೆ ಎಂಜಿನ್ಎಕ್ಸ್, ಎಚ್‌ಟಿಟಿಪಿಎಸ್ ಬೀಗಕ್ಕೆ ಲೆಟ್ಸ್ ಎನ್‌ಕ್ರಿಪ್ಟ್‌ನ ಪ್ರಮಾಣಪತ್ರ. ಲಾಗಿನ್‌ಗೆ ಟಿಒಟಿಪಿ (ಮೊಬೈಲ್ ಆಪ್‌ನಲ್ಲಿ ಆಗಾಗ ಬದಲಾಗುವ ಕೋಡ್) ಕಡ್ಡಾಯ, ಇದರಲ್ಲಿ ಸಡಿಲ ಬಿಡಲೇಬೇಡಿ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389 ಅಂತೂ ಹೊರಗೆ ಎಲ್ಲೂ ತೆರೆದಿಲ್ಲ.

ತಲೆ ತಿಂದದ್ದು ಫೈಲ್ ಅಪ್‌ಲೋಡ್. ಬಿಲ್ಲುಗಳು ಸಲೀಸಾಗಿ ಹೋಗುತ್ತಿದ್ದವು, ಪ್ಯಾಟರ್ನ್ ಡ್ರಾಯಿಂಗ್ ಮಾತ್ರ ಅರ್ಧಕ್ಕೇ ಸಾಯುತ್ತಿತ್ತು. ಎಲ್ಲರೂ ನೆಟ್ ಸ್ಲೋ ಅಂದರು. ಲಾಗ್ ತೆಗೆದರೆ 413, ಅಂದರೆ ಫೈಲು ಮಿತಿಗಿಂತ ದೊಡ್ಡದು. ಎಂಜಿನ್ಎಕ್ಸ್ ತಾನಾಗಿ ಬಿಡುವುದು ಬರೀ 1 ಎಂಬಿ! ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ 200 ಎಂಬಿಗೆ ಏರಿಸಿದೆ. ಮಾಹಿತಿಯನ್ನು ತಡೆದು ಗುಡ್ಡೆ ಹಾಕುವ ಪ್ರಾಕ್ಸಿ ಬಫರಿಂಗ್ ಆಫ್ ಮಾಡಿದೆ, ಸಂಪರ್ಕ ಸದಾ ತೆರೆದಿರಲು ವೆಬ್‌ಸಾಕೆಟ್ ಅಪ್‌ಗ್ರೇಡ್ ಹೆಡರ್ ಸೇರಿಸಿದೆ. ಪರದೆ ಮೇಲೆ ಮೌಸ್ ತಡವರಿಸುತ್ತಿತ್ತು, ಅದೂ ಅವತ್ತೇ ನಿಂತಿತು.

ವಿಂಡೋಸ್ ಪ್ರೊದಲ್ಲಿ ಒಂದು ಸಲಕ್ಕೆ ಒಬ್ಬರೇ ಕೆಲಸ ಮಾಡಬಹುದು. ಮಾಲಕರು ಒಳಗೆ ಬಂದರೆ ಅಕೌಂಟೆಂಟ್ ಅಕ್ಕನ ಪರದೆ ಲಾಕ್. ಹಲವರು ಒಟ್ಟಿಗೆ ಬಳಸುವ ವಿಂಡೋಸ್ ಸರ್ವರ್ ಲೈಸೆನ್ಸಿನ ರೇಟು ಕೇಳಿ ಎಲ್ಲರೂ ಸುಮ್ಮನಾದರು. ಹದಿನೈದು ಸಾವಿರದ ಆಸುಪಾಸಿಗೆ ಒಂದು ಹಳೇ ಪಿಸಿ ತಂದು ಮಾಲಕರಿಗೇ ಅಂತ ಇಟ್ಟೆ. ಹಲವರು ಒಟ್ಟಿಗೆ ಬಳಸಬಹುದಾದ ಟ್ಯಾಲಿ ಗೋಲ್ಡ್ ಮೊದಲೇ ಇತ್ತು, ಅಲ್ಲಿ ಖರ್ಚು ಬರಲಿಲ್ಲ.

ಸುಮ್ನೆ ಕುತೂಹಲಕ್ಕೆ ಗ್ವಾಕಮೋಲೆಯನ್ನು ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 3ರ ಮೇಲೂ ಹಾಕಿ ನೋಡಿದೆ. ಟ್ಯಾಲಿ ನಡೆಯಿತು, ಡ್ರಾಯಿಂಗ್ ತೆರೆಯುವ ಆಟೋಕ್ಯಾಡ್ ತೆವಳಿತು. ಐ3 ಮೇಲೆ ಬಣ್ಣ 16 ಬಿಟ್‌ಗೆ ಇಳಿಸಿ ವಾಲ್‌ಪೇಪರ್ ತೆಗೆದ ಮೇಲೆ 4ಜಿಯಲ್ಲೂ ಡ್ರಾಯಿಂಗ್ ಝೂಮ್ ಆಗುತ್ತದೆ.

ಕರೆಂಟ್ ಹೋಗಿ ಬಂದಾಗ ಎಲ್ಲಾ ತಾನಾಗೇ ಸರಿಯಾದ ಸಾಲಿನಲ್ಲಿ ಏಳುವ ಹಾಗೆ ಮಾಡಿದ್ದೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ. "ಆಗಂಗಿಲ್ಲ" ಅಂದವರಲ್ಲಿ ಒಬ್ಬರು ಮೊನ್ನೆ ತಮ್ಮ ಗಿರಾಕಿಗೂ ಹಾಕಿಕೊಡು ಅಂತ ಕರೆದಿದ್ದಾರೆ.