ಆಚೆ ದಡದಲ್ಲೊಂದು ಬೈಕು

ಸಾಗರದಲ್ಲಿ ನನ್ನ ಮನೆ, ತುಮರಿಯಿಂದ ಇನ್ನೂ ಒಳಗಿನ ಹಳ್ಳಿಯಲ್ಲಿ ನಾನು ಪಾಠ ಮಾಡುವ ಶಾಲೆ, ನಡುವೆ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಮೇಲೆ ಆ ಭಾಗದವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. ಹೊಸನಗರದ ಕಡೆಯಿಂದ ಸುತ್ತಿ ಬರುವುದು ದಿನಾ ಓಡಾಡುವವರಿಗೆ ಆಗುವ ಮಾತಲ್ಲ. ಸೇತುವೆ ಆಗುವ ಮುಂಚೆ ಹೇಗೆ ಸಂಭಾಳಿಸಿದಿರಿ ಅಂತ ಹೊಸದಾಗಿ ಬಂದ ಮೇಷ್ಟ್ರು ಈಗಲೂ ಕೇಳುತ್ತಾರೆ.

ಬೈಕನ್ನು ಲಾಂಚಿಗೆ ಹತ್ತಿಸುವ ಗೋಜಿಗೇ ನಾನು ಹೋಗಲಿಲ್ಲ. ಸಾಗರದಿಂದ ಬಸ್ಸಿನಲ್ಲಿ ಈಚೆ ದಡದ ಹೊಳೆಬಾಗಿಲು, ಅಲ್ಲಿಂದ ಬರಿಗೈಯಲ್ಲಿ ಲಾಂಚು, ಆಚೆ ದಡದ ಕಳಸವಳ್ಳಿಯಲ್ಲಿ ಇಳಿದರೆ ಪರಿಚಯದವರ ಕೊಟ್ಟಿಗೆಯಲ್ಲಿ ನನ್ನದೊಂದು ಹಳೇ ಬೈಕು. ಸಿಗಂದೂರು ದೇವಸ್ಥಾನಕ್ಕೆ ಜನ ಮುಗಿಬೀಳುವ ದಿನ ಕಾರುಗಳು ರಸ್ತೆಯುದ್ದ ಸಾಲುಗಟ್ಟಿ ನಿಂತಿರುತ್ತಿದ್ದವು. ನಡೆದು ಬಂದವನು ಅವುಗಳ ಸಂದಿಯಲ್ಲೇ ನುಸುಳಿ ಕಂಬಿ ಹಿಡಿದು ನಿಂತರೆ ಆಯಿತು. ಬೇಸಿಗೆಯ ಕೊನೆಗೆ ನೀರು ತಳಕ್ಕಿಳಿದಾಗಲಂತೂ ಲಾಂಚಿನ ಕಬ್ಬಿಣದ ಹಲಗೆ ದಡಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಆಗ ವಾಹನ ಬಂದ್, ಜನರಿಗೆ ಮಾತ್ರ ಅವಕಾಶ.

ಆಚೆ ದಡಕ್ಕೆ ಕಿಕ್ಕರ್ ಇರುವ ಬೈಕೇ ಬೇಕು. ಜುಲೈ ಮಳೆಯಲ್ಲಿ ಶನಿವಾರ ಬಿಟ್ಟುಹೋದ ಗಾಡಿ ಸೋಮವಾರ ಸೆಲ್ಫ್ ಸ್ಟಾರ್ಟಿಗೆ ಜಗ್ಗುವುದಿಲ್ಲ. ಪ್ಲಗ್ ಬಿಚ್ಚಿ ಒರೆಸಿ, ಚೋಕ್ ಎಳೆದು ಒದೆಯಬೇಕು. ಸೀಟಿನಡಿ ಪ್ಲಗ್ ಸ್ಪ್ಯಾನರ್, ಒಣ ಬಟ್ಟೆ ಯಾವಾಗಲೂ ಇಟ್ಟಿರುತ್ತಿದ್ದೆ. ಕೊಟ್ಟಿಗೆ ಬಾಡಿಗೆ ಅಂತ ದುಡ್ಡು ಚಾಚಿದ್ದಕ್ಕೆ ಆ ಮನೆಯ ಅಮ್ಮ ಬೈದೇ ಬಿಟ್ಟರು. ಅವರ ಬಿಪಿ ಮಾತ್ರೆ, ರಿಪೇರಿಗೆ ಹೋದ ಮಿಕ್ಸಿ ಜಾರು ಸಾಗರದಿಂದ ತರುವುದು ನನ್ನ ಪಾಲಿಗೆ ಬಂತು. ಸಂಜೆ ಮೀಟಿಂಗು ಎಳೆದು ಕೊನೇ ಲಾಂಚು ತಪ್ಪಿದರೆ, "ಮೇಷ್ಟ್ರೇ, ಇವತ್ತು ಇಲ್ಲೇ ಉಳ್ಕಳಿ" ಅನ್ನುತ್ತಿದ್ದರು. ಅದಕ್ಕೇ ಒಂದು ಜೊತೆ ಬಟ್ಟೆಯೂ ಅಲ್ಲೇ ಇರುತ್ತಿತ್ತು.

2025ರ ಜುಲೈ 14ರಂದು ಹೊಳೆಬಾಗಿಲು ಕಡೆಯ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಟ್ಟಿದ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದ, ಸುತ್ತ ಎಲ್ಲೂ ಮರೆಯಿಲ್ಲ. ಮಳೆಗಾಲದಲ್ಲಿ ಬೈಕಿನವರು ಉದ್ದನೆ ನಿಲುವಂಗಿ ಥರದ ರೈನ್‌ಕೋಟು ಹಾಕಬೇಡಿ, ಗಾಳಿ ತುಂಬಿಕೊಂಡು ಪಕ್ಕಕ್ಕೆಳೆಯುತ್ತದೆ. ಅಂಗಿ-ಪ್ಯಾಂಟು ಬಗೆಯದು ವಾಸಿ. ನಾನಂತೂ ಈಗಲೂ ಬಸ್ಸನ್ನೇ ಹಿಡಿಯುತ್ತೇನೆ. ಹೊಳೆ ದಾಟುವ ಕಷ್ಟ ಮುಗಿಯಿತು, ನಿಜ. ಮುಖ್ಯರಸ್ತೆಯಲ್ಲಿ ಇಳಿದಮೇಲೆ ಶಾಲೆವರೆಗಿನ ಕಾಡುದಾರಿಗೆ ಮಾತ್ರ ಇನ್ನೂ ಬಸ್ಸಿಲ್ಲ. ಹಾಗಾಗಿ ಬೈಕು ಮಾರಿಲ್ಲ, ಹೋದ ತಿಂಗಳಷ್ಟೇ ಹೊಸ ಟಯರು ಹಾಕಿಸಿದೆ.