ಬೈಪಾಸ್ ಆದಮೇಲೆ ನನ್ನ ಯೋಗ, ನನ್ನ ನಡಿಗೆ

ಬೈಪಾಸ್ ಆಗಿ ಮನೆಗೆ ಬಂದಮೇಲೆ ಎದೆಯ ಹೊಲಿಗೆಗಿಂತ ಹೆಚ್ಚು ಕಾಡಿದ್ದು ಭಯ. ರಾತ್ರಿ ಎಡಮಗ್ಗುಲಿಗೆ ಹೊರಳಿದರೆ ಎದೆಬಡಿತ ಕಿವಿಯಲ್ಲೇ ಕೇಳಿಸುತ್ತಿತ್ತು. ಒಂದು ಬಡಿತ ತಪ್ಪಿದಂತೆ ಅನಿಸಿದರೆ ಸಾಕು, ನಿದ್ದೆ ಹಾರಿಹೋಗುತ್ತಿತ್ತು. ಹೃದಯದ ಆಪರೇಷನ್ ಆದವರಿಗೆ ಇಂಥ ಆತಂಕ, ಸುಮ್ಮನೆ ಬರುವ ಅಳು, ಮಂಕು ಎಲ್ಲ ಸಾಮಾನ್ಯ ಅಂತ ಡಾಕ್ಟರು ಹೇಳಿದ್ದರು. ಅದು ಗೊತ್ತಿದ್ದ ಮಾತ್ರಕ್ಕೆ ನಿದ್ದೆ ಬರಲಿಲ್ಲ.

ನನಗೆ ಕೆಲಸಕ್ಕೆ ಬಂದದ್ದು ಉಸಿರು. ಚಪ್ಪಟೆ ಮಲಗಿದರೆ ಎದೆ ಎಳೆದಂತಾಗುತ್ತಿದ್ದರಿಂದ ಶವಾಸನವನ್ನೂ ದಿಂಬುಗಳಿಗೆ ಒರಗಿಕೊಂಡೇ ಮಾಡುತ್ತಿದ್ದೆ. ಒಂದು ಕೈ ಹೊಟ್ಟೆಯ ಮೇಲೆ. ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೀಗೆ ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಉಸಿರು ಬಿಡುವಾಗ, ಎದೆಬಡಿತಕ್ಕೆ ಕಡಿವಾಣ ಹಾಕುವ ವೇಗಸ್ ನರದ ಹಿಡಿತ ಹೆಚ್ಚಿ ಬಡಿತ ತುಸು ನಿಧಾನವಾಗುತ್ತದೆ. ಯಾವ ಬಡಿತಕ್ಕೆ ಹೆದರುತ್ತಿದ್ದೆನೋ ಅದು ನನ್ನ ಉಸಿರಿನ ಜೊತೆ ಏರಿಳಿಯುವುದನ್ನು ಮಣಿಕಟ್ಟಿನ ನಾಡಿಯಲ್ಲೇ ಹಿಡಿದು ನೋಡಿದೆ. ಧೈರ್ಯ ಬಂದದ್ದು ಅಲ್ಲಿಂದ.

ಕುಂಭಕ, ಅಂದರೆ ಉಸಿರು ಹಿಡಿದಿಡುವುದು, ಮಾತ್ರ ಬೇಡವೆಂದು ಫಿಸಿಯೋಥೆರಪಿಸ್ಟ್ ಖಡಾಖಂಡಿತವಾಗಿ ಹೇಳಿದ್ದರು. ಉಸಿರು ಕಟ್ಟಿ ತಿಣುಕಿದರೆ ಎದೆಯೊಳಗಿನ ಒತ್ತಡ ಏರಿ ಬಿಪಿ ಏರುಪೇರಾಗುತ್ತದೆ. ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಕ್ಕೂ ಅವರು ಒಪ್ಪಲಿಲ್ಲ. ನೋಡಲು ಬಂದವರೆಲ್ಲ ಕಪಾಲಭಾತಿಯನ್ನೇ ಹೇಳಿಹೋಗುತ್ತಿದ್ದರು ಅನ್ನುವುದು ಬೇರೆ ಮಾತು!

ಆಸನಗಳ ವಿಷಯಕ್ಕೆ ಬಂದರೆ, ಕೊಯ್ದು ಸ್ಟೀಲ್ ತಂತಿಯಲ್ಲಿ ಬಿಗಿದ ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಪೂರ್ತಿ ಗಟ್ಟಿಯಾಗಲು ಇನ್ನೂ ಹೆಚ್ಚು. ಅಲ್ಲಿಯವರೆಗೆ ಭುಜಂಗಾಸನ, ಧನುರಾಸನ, ಕೈಗಳ ಮೇಲೆ ಭಾರ ಬೀಳುವ ಯಾವುದೂ ಇಲ್ಲ. ಕುರ್ಚಿಯಲ್ಲಿ ಕೂತು ಕುತ್ತಿಗೆ, ಭುಜ, ಪಾದದ ಕೀಲು ತಿರುಗಿಸುವುದಷ್ಟೇ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳುವುದು, ಹಾಸಿಗೆಯಿಂದ ಏಳುವಾಗ ಕೈ ಊರದೆ ಮಗ್ಗುಲಾಗಿ ಕಾಲು ಇಳಿಬಿಟ್ಟು ಏಳುವುದು, ಇವೂ ಆಗ ನನಗೆ ಆಸನಗಳೇ.

ನಡಿಗೆಗೆ ವಾಚಿನಲ್ಲಿ ಕಾಣುವ ಹಾರ್ಟ್ ರೇಟ್ ನಂಬಲಿಲ್ಲ. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರ ನಾಡಿ ಎಷ್ಟು ನಡೆದರೂ ಅಷ್ಟಾಗಿ ಏರುವುದಿಲ್ಲ. ನಡೆಯುತ್ತ ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಆಡಲು ಬಂದರೆ ವೇಗ ಸರಿ, ಇಲ್ಲದಿದ್ದರೆ ವೇಗ ತಗ್ಗಿಸಬೇಕು. ಬೈಪಾಸ್‌ಗೆಂದು ರಕ್ತನಾಳ ತೆಗೆದ ಕಾಲು ಸಂಜೆಗೆ ಬಾತುಕೊಳ್ಳುತ್ತಿತ್ತು. ವಾಕಿಂಗ್ ಮುಗಿಸಿ ಅದನ್ನು ಎತ್ತರಕ್ಕಿಟ್ಟು ಉಸಿರಾಟಕ್ಕೆ ಕೂರುತ್ತಿದ್ದೆ.

ಯೋಗದಿಂದ ಹೃದಯದ ರಕ್ತನಾಳದ ಬ್ಲಾಕ್ ಕರಗುತ್ತದೆ ಎಂದು ಮಾತ್ರೆ ಬಿಡುವವರನ್ನು ಕಂಡರೆ ನನಗೆ ಗಾಬರಿ. ಹೃದಯಾಘಾತವಾದ ಸುಮಾರು ನಾಲ್ಕು ಸಾವಿರ ಮಂದಿಯ ಮೇಲೆ ಭಾರತದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಯೋಗ-ಕೇರ್ ಅಧ್ಯಯನದಲ್ಲೂ ಯೋಗ ಮಾಡಿದವರು ದಿನನಿತ್ಯದ ಕೆಲಸಗಳಿಗೆ ಚೆನ್ನಾಗಿ ಮರಳಿದರು, ಆರೋಗ್ಯ ಸುಧಾರಿಸಿದೆ ಅಂದರು. ಆದರೆ ಸಾವು, ಮರು ಹೃದಯಾಘಾತದಂಥವು ಕಡಿಮೆಯಾದವೆಂದು ಖಚಿತವಾಗಿ ಹೇಳಲಾಗಲಿಲ್ಲ. ನನಗೆ ಯೋಗದಿಂದ ಬೇಕಿದ್ದುದೂ ಆ ಮೊದಲಿನದೇ.

ಎದೆಮೂಳೆಯಲ್ಲಿ ಕಟಕಟ ಸದ್ದು, ಗಾಯದಲ್ಲಿ ಕೀವು, ಕೂತಲ್ಲೇ ಏದುಸಿರು, ತಲೆಸುತ್ತು, ಒಂದೆರಡು ದಿನದಲ್ಲೇ ತೂಕ ಏರುವುದು ಕಂಡರೆ ಚಾಪೆ ಸುತ್ತಿಟ್ಟು ಡಾಕ್ಟರಿಗೆ ಫೋನ್ ಮಾಡಿ.